ತಲೆ ತಗಲದ ಕಾರು

ಸಾವಿರದ ಒಂಬೈನೂರ ಎಪ್ಪತ್ತೆಂಟರಲ್ಲಿ ಕಡೂರು, ತರೀಕೆರೆ, ಅಜ್ಜಂಪುರ ಕಡೆಯ ರಸ್ತೆಗಳೆಲ್ಲ ಒಂದು ಬುಟ್ಟಿ ಜಲ್ಲಿಯೂ ಬೀಳದೆ ಒಂದೇ ತಿಂಗಳಲ್ಲಿ ಸುಸ್ಥಿತಿಗೆ ಬಂದವು. ಇದಕ್ಕೆ ಕಾರಣರಾದವರು ತರೀಕೆರೆಯ ಮೆಕ್ಯಾನಿಕ್ ರಹಮತ್ ಉಲ್ಲಾ.

ಈಗಿನಂತೆ ಆಗಲೂ ತರೀಕೆರೆಯಲ್ಲಿ ರಸ್ತೆ ಕುಲುಕಾಟ ಪರಿಶೀಲನಾ ಕಚೇರಿ ಎಂಬುದೊಂದಿತ್ತು. ಯಾವುದೇ ಊರಿನಿಂದ ಅರ್ಜಿ ಬಂದರೆ ಅಧಿಕಾರಿ ಜಯದೇವಪ್ಪನವರು ಅರ್ಜಿದಾರರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕಚೇರಿಯ ಇಪ್ಪತ್ತು ವರ್ಷದ ಹಳೇ ಕಾರಿನಲ್ಲಿ ಆ ರಸ್ತೆಯ ಮೇಲೆ ಹೋಗಿಬರಬೇಕು. ಕಿಲೋಮೀಟರಿಗೆ ಹತ್ತು ಸಲ ಅಧಿಕಾರಿಯ ತಲೆ ಕಾರಿನ ಚಾವಣಿಗೆ ತಗಲಿದರೆ ರಸ್ತೆ ದುರಸ್ತಿಗೆ ಅರ್ಹ. ಒಂಬತ್ತೇ ಆದರೆ ಸುಸ್ಥಿತಿ. ಮುಂದೆ ಕೂತ ಜವಾನ ತಿರುಗಿ ನೋಡುತ್ತ ಎಣಿಸುತ್ತಿದ್ದ. ಜಯದೇವಪ್ಪನವರು ಒಳ್ಳೇ ಎತ್ತರದ ಆಳಾದ್ದರಿಂದ ಜನಕ್ಕೆ ನ್ಯಾಯ ಸಿಗುತ್ತಿತ್ತು.

ಮುಪ್ಪು ಬಂದ ಕಾರು ಎಡಕ್ಕೆ ಎಳೆಯತೊಡಗಿತು. ಒಮ್ಮೆ ಲಿಂಗದಹಳ್ಳಿ ತಿರುವಿನಲ್ಲಿ ಗದ್ದೆಗೇ ಇಳಿಯಿತು. ಸಾಹೇಬರ ಅಪ್ಪಣೆಯಂತೆ ರಹಮತ್ ಉಲ್ಲಾ ಮುಂದಿನ ಸಸ್ಪೆನ್ಷನ್ ಪೂರ್ತಿ ಬಿಚ್ಚಿದರು. ಸವೆದ ರಬ್ಬರ್ ಬುಷ್‌ಗಳನ್ನು ಕಿತ್ತೆಸೆದರು. ಬೇರೆ ಗಾಡಿಯ ಉದ್ದನೆಯ ಶಾಕ್ ಅಬ್ಸಾರ್ಬರ್ ಕೂರಿಸಲು ತಾವೇ ಬ್ರಾಕೆಟ್ ಬೆಸೆದರು, ಚಕ್ರಗಳನ್ನು ನೂಲು ಹಿಡಿದು ನೇರ ಮಾಡಿದರು. ಹನ್ನೊಂದು ದಿನದ ಕೆಲಸ. ಅಂಥ ಕೈಗೆ ಕೈಮುಗಿಯಬೇಕು. ಆಮೇಲೆ ಕಾರು ಗುಂಡಿಗಿಳಿದು ಹತ್ತಿದರೆ ಸಾಹೇಬರಿಗೆ ನಿದ್ದೆ ಹತ್ತುತ್ತಿತ್ತು.

ಈ ಕಾರು ಬುಕ್ಕಾಂಬುಧಿಗೂ ಬಂತು. ರಸ್ತೆ ಕೆಟ್ಟು ಅಲ್ಲಿಗೆ ಬಸ್ಸು ನಿಂತು ವರ್ಷವಾಗಿತ್ತು. ಅರ್ಜಿ ಕೊಟ್ಟವಳು ಅಂಬಮ್ಮ. ಅವಳ ಸೊಸೆ ಎಂಟು ತಿಂಗಳ ಬಸುರಿ. ಆಸ್ಪತ್ರೆ ಇರುವುದು ಅಜ್ಜಂಪುರದಲ್ಲಿ. ಹೋಗಿಬಂದದ್ದಾಯಿತು. ತಲೆ ತಗಲಿದ್ದು ಸೊನ್ನೆ ಸಲ.

“ರಸ್ತೆ ಚೆನ್ನಾಗೈತಲ್ಲಮ್ಮಾ,” ಎಂದರು ಜಯದೇವಪ್ಪನವರು, ಕಣ್ಣುಜ್ಜಿಕೊಳ್ಳುತ್ತ.

“ಚೆನ್ನಾಗಿರೋದು ನಿಮ್ ಕಾರು ಸ್ವಾಮಿ. ನಮ್ ಎತ್ತಿನ ಗಾಡೀಲಿ ಕೂತು ನೋಡಿ.”

“ಎತ್ತಿನ ಗಾಡಿ ನಿಯಮದಲ್ಲಿಲ್ಲ.”

“ಹಂಗಾದ್ರೆ ಹೆರಿಗೆ ಹೊತ್ಗೆ ಈ ಕಾರನ್ನೇ ಕಳ್ಸಿ.”

“ಕಾರು ಪರಿಶೀಲನೆಗೆ ಮಾತ್ರ. ಸೊಸೆ ಹೆಸರಲ್ಲಿ ರಸ್ತೆ ಕೆಟ್ಟೈತೆ ಅಂತ ಹೊಸ ಅರ್ಜಿ ಕೊಡಿ, ಕೂರಿಸ್ಕೊಂಡು ಹೋಗ್ತೀವಿ. ಸರದಿ ಬರೋಕೆ ಹತ್ತು ತಿಂಗಳಾಯ್ತದೆ.”

“ಎಂಟು ತುಂಬೈತೆ ಸ್ವಾಮಿ!”

“ಅದನ್ನ ನೀವೇ ಹೊಂದಿಸ್ಕೋಬೇಕಮ್ಮಾ.”

ಅಂಬಮ್ಮ ತರೀಕೆರೆಗೆ ಹೋಗಿ ರಹಮತ್ ಉಲ್ಲಾರ ಮುಂದೆ ನಿಂತಳು. “ಸಾಬ್ರೇ, ಆ ಕಾರನ್ನ ಮೊದಲಿನಂಗೇ ಮಾಡ್ಬಿಡಿ.”

ಅವರು ತಲೆ ತಗ್ಗಿಸಿದರು. “ಕೆಡಿಸೋಕೂ ರೆಡಿ ಇದ್ದೆ ಅಕ್ಕಾ. ಸಾಹೇಬ್ರನ್ನ ಕೇಳ್ದೆ. ಚೆನ್ನಾಗಿರೋ ಸರ್ಕಾರಿ ಸಾಮಾನು ಮುಟ್ಟಿದ್ರೆ ಕೇಸು ಅಂದ್ರು.”

ಸೊಸೆ ಎತ್ತಿನ ಗಾಡಿಯಲ್ಲೇ, ಊರಾಚೆಯ ದೊಡ್ಡ ಗುಂಡಿಯಲ್ಲಿ ಹೆತ್ತಳು. ಮಗು ಬದುಕಿತು, ತಾಯಿ ಹಾಸಿಗೆಯಿಂದ ಏಳಲು ಮೂರು ತಿಂಗಳು ಹಿಡಿಯಿತು. ಜನನ ಬರೆಸಲು ಹೋದಾಗ ಗುಮಾಸ್ತರು ಕಡತ ತೆಗೆದು ನೋಡಿ, ಆ ರಸ್ತೆಯಲ್ಲಿ ಗುಂಡಿಯೇ ಇಲ್ಲವೆಂದು ತೋರಿಸಿದರು. ಹುಟ್ಟಿದ ಸ್ಥಳದ ಕಾಲಂನಲ್ಲಿ “ಸುಸ್ಥಿತಿಯಲ್ಲಿರುವ ರಸ್ತೆ” ಎಂದು ದುಂಡಗೆ ಬರೆದುಕೊಟ್ಟರು.

ದುರಸ್ತಿಗೆಂದು ರಾಶಿ ಹಾಕಿದ್ದ ಜಲ್ಲಿ ಅನಗತ್ಯವೆಂದು ತೀರ್ಮಾನವಾದ್ದರಿಂದ ಜಯದೇವಪ್ಪನವರ ಹೊಸ ಮನೆಯ ತಳಪಾಯಕ್ಕೆ ಹೋಯಿತು. ಅವರಿಗೆ ಬಡ್ತಿಯೂ ಸಿಕ್ಕಿತು.

ಬುಕ್ಕಾಂಬುಧಿಯವರೂ ಕಲಿತರು. ಈಗ ಮದುವೆಯ ಮಾರನೇ ದಿನವೇ ಹೊಸ ಸೊಸೆಯ ಹೆಸರಿನಲ್ಲಿ ರಸ್ತೆ ಕೆಟ್ಟಿದೆಯೆಂದು ಅರ್ಜಿ ಹಾಕುತ್ತಾರೆ. ಸರಿಯಾಗಿ ಹತ್ತು ತಿಂಗಳಿಗೆ ಕಾರು ಬರುತ್ತದೆ, ಅಜ್ಜಂಪುರ ಮುಟ್ಟಿಸುತ್ತದೆ, ರಸ್ತೆ ಸುಸ್ಥಿತಿಯಲ್ಲಿದೆಯೆಂದು ಬರೆದುಕೊಂಡು ಹೋಗುತ್ತದೆ. ಕಾರು ಬಂದಾಗ ಬಸುರಿಯಾಗಿಲ್ಲದ ಸೊಸೆಗೆ ಸುಳ್ಳು ದೂರು ಕೊಟ್ಟಿದ್ದಕ್ಕೆ ನೋಟೀಸು ಜಾರಿಯಾಗುತ್ತದೆ. ಅದು ಸರಿಯಾದ ಕ್ರಮವೆಂದು ಅಂಬಮ್ಮನೂ ಸೇರಿ ಊರಿನ ಅತ್ತೆಯರೆಲ್ಲ ಒಪ್ಪಿದ್ದಾರೆ.