ಮಾರಿ ಮಸಕು, ನಳ ಚೊಕ್ಕ

ನಮ್ಮವ್ವನ ಆಣಿ, ಇದರಾಗ ಒಂದು ಮಾತೂ ಸುಳ್ಳಿಲ್ಲ. ಡೊಂಬಿವಲಿ ಎಂಐಡಿಸಿ ಕಾರ್ಖಾನಿಗಳೊಳಗ ನಾ ಹಮಾಲಿ ಮಾಡೂ ಕಾಲ್ದಾಗ ಇಂಥಾ ಫಜೀತಿ ನನ್ನ ಹುಡಿಕ್ಕೊಂಡೇ ಬರ್ತಿದ್ದವು. ಸಾಲಿ ನನಗ ಹತ್ತಲಿಲ್ಲ ಖರೆ, ಆದ್ರ ನೂರು ಕಿಲೋ ಚೀಲ ಒಬ್ಬನೇ ಎತ್ತಾಂವ ನಾ. ಇಂಥಾ ನನ್ನ ಕುಣಿಸಿದ್ದು ಒಂದು ಹಿಡಿ ಗಾಜು.

೧. ತೂಕ ನೋಡಿ ತಗೊಂಡೆ

ಸಣ್ಣಾವಿದ್ದಾಗ ಮೈಲಿ ಬೇನಿ ಬಂದು ನನ್ನ ಮಾರಿ ತುಂಬ ಕುಳಿ. ಅದನ್ನ ನೋಡಿ ಎರಡು ಕಡಿ ಹೆಣ್ಣು ಕೊಡೂದಿಲ್ಲ ಅಂದಿದ್ರು. ಆಮ್ಯಾಲ ಬಿಜಾಪುರ ಕಡೀಂದ ಒಂದು ಸಂಬಂಧ ಬಂತು. ಹುಡುಗಿ ಅಪ್ಪ ಫೋಟೋ ಕೇಳಿದ. ನಾ ಜಂಬದಾಗ, "ಸ್ಟುಡಿಯೋ ಯಾಕ? ನನ್ನ ಹಂತ್ಯಾಕನೇ ಕ್ಯಾಮೆರಾ ಅದ" ಅಂತ ಹೇಳಿ ಕಳಿಸಿಬಿಟ್ಟೆ.

ಕ್ಯಾಮೆರಾ ಎಲ್ಲೀದು? ಕಲ್ಯಾಣದ ಹಳೇ ಸಾಮಾನಿನ ಬಜಾರಕ್ಕ ಓಡಿದೆ. ಒಂದು ವಿಲಾಯತಿ ಕ್ಯಾಮೆರಾ ಸಿಕ್ತು. ಕೈಯಾಗ ಹಿಡಿದೆ, ಭಾರ ಇತ್ತು. ಮಾಲು ಅಸಲಿ ಅಂತ ತಂದೆ.

ನಮ್ಮ ಖೋಲಿಯೊಳಗಿನ ಆಳಂದದ ಗೆಳ್ಯಾ ಲೆನ್ಸಿಗೆ ಕಣ್ಣು ಹಚ್ಚಿ ನೋಡಿದ. "ಅಣ್ಣಾ, ಒಳಗೆಲ್ಲಾ ಬೂಷ್ಟು! ತಗೊಳ್ಳೂಕಿಂತ ಮುಂಚೆ ಇಣುಕಿ ನೋಡಬಾರದಾ?"

"ಚೀಲದಾಗ ಇಣುಕಿ ನೋಡಿ ಯಾವ ಹಮಾಲ ಎತ್ತತಾನಲೇ?" ಅಂದೆ.

೨. ಬಿಸಲಿನ ಔಷಧ

ಬಿಸಲಿಗಿಟ್ರ ಬೂಷ್ಟು ಸಾಯ್ತದ ಅಂತ ಯಾರೋ ಅಂದ್ರು. ಸಾಲು ಖೋಲಿಗಳ ನಮ್ಮ ಚಾಳದ ಅಂಗಳದಾಗ ಮನಿ ಮಾಲಕಿ ಮಾವಶಿ ಹತ್ತಿ ಗಾದಿ ಒಣಹಾಕಿದ್ದಳು. ಅದರ ಮ್ಯಾಲ ಚಹಾದ ಗ್ಲಾಸು ಇಟ್ಟು, ಗ್ಲಾಸಿನ ಬಾಯಿ ಮ್ಯಾಲ ಕ್ಯಾಮೆರಾದಿಂದ ಬಿಚ್ಚಿದ ಲೆನ್ಸು ಕೂಡಿಸಿ, ಬೀಡಿ ಸೇದಾಕ ಹೋದೆ. ಬಂದು ನೋಡ್ತೀನಿ, ಬೀಡಿಕಿಂತ ಗಾದಿನೇ ಜಾಸ್ತಿ ಹೊಗಿ ಬಿಡಾಕ ಹತ್ತಿತ್ತು.

ಮಾವಶಿ ಓಡಿ ಬಂದು ಅರ್ಧ ಬಕೀಟು ನೀರು ಗಾದಿಗೆ ಸುರದ್ಲು, ಅರ್ಧ ನನಗ.

ನಾ ಮಾತ್ರ ಖುಷಿ. "ಮಾವಶಿ, ಬೆಂಕಿ ಹಚ್ಚೂ ಗಾಜು ಅಂದ್ರ ಜೀವ ಇರೂ ಗಾಜು! ಇದನ್ನ ರಿಪೇರಿ ಮಾಡ್ಸಬಹುದು!"

"ಆಧೀ ಮಾಝೀ ಗಾದೀ ದುರುಸ್ತ್ ಕರ್!" ಮೊದಲ ನನ್ನ ಗಾದಿ ರಿಪೇರಿ ಮಾಡು ಅಂತ ಮಾವಶಿ ಮರಾಠಿಯೊಳಗ ಒದರಿದ್ಲು.

೩. ಕೆಡಿಸಿ ಕೊಡ್ರಿ

ಠಾಣಾದ ನೌಪಾಡಾದಾಗ ಉಡುಪಿ ಕಡಿಯವರೊಬ್ಬರು ಕ್ಯಾಮೆರಾ ರಿಪೇರಿ ಮಾಡ್ತಿದ್ರು. ನೋಡಿ ಅಂದ್ರು: "ಬೇಡ ಮಾರಾಯ್ರೇ. ಕ್ಯಾಮೆರಾಕ್ಕೆ ಕೊಟ್ಟದ್ದಕ್ಕಿಂತ ರಿಪೇರಿಗೇ ಜಾಸ್ತಿ ಆಗ್ತದೆ."

"ಇದರ ಮ್ಯಾಲ ನನ್ನ ಲಗ್ನ ನಿಂತದರಿ!"

ಅವರು ನಕ್ಕು, ಬಿಚ್ಚಿ, ಒರೆಸಿ, ಲೆನ್ಸು ಥಳಥಳ ಮಾಡಿ ಕೊಟ್ರು. ಚಾಳದ ನಳದ ಮುಂದ ಎದಿ ಉಬ್ಬಿಸಿ ನಿಂತೆ, ಗೆಳ್ಯಾ ಫೋಟೋ ಹೊಡದ. ರೀಲು ತೊಳಿಸಿ ತಂದು ನೋಡಿದೆ. ಕನ್ನಡಿಯೊಳಗ ನನಗ ಕಾಣದ ಕುಳೀನೂ ಅದರಾಗ ಕಾಣ್ತಿದ್ದವು. ಇದು ಬಿಜಾಪುರಕ್ಕ ಹೋದ್ರ ಮೂರನೇ ಸಂಬಂಧನೂ ಮುರೀತು! ಮತ್ತ ಠಾಣಾಕ್ಕ ಓಡಿದೆ.

"ಸಾಹೇಬ್ರ, ಬೂಷ್ಟು ವಾಪಸ್ ಹಾಕ್ರಿ!"

"ಒರೆಸಿ ಬಿಸಾಡಿದ್ದನ್ನು ಎಲ್ಲಿಂದ ತರುದು ಮಾರಾಯ್ರೇ?" ಅಂತ ಕಣ್ಣಾಗ ನೀರು ಬರೂ ತನಕ ನಕ್ರು. ಆಮ್ಯಾಲ ಲೆನ್ಸಿನ ಸುತ್ತಲಿನ ಫೋಕಸ್ ಬಳಿ ತಿರಿವಿ ತೋರಿಸಿದ್ರು. "ಇಲ್ಲಿಗೆ ನಿಲ್ಲಿಸಿ ತೆಗೆಸಿ. ಮುಂದಿದ್ದದ್ದು ಮಸಕು, ಹಿಂದಿದ್ದದ್ದು ಚೊಕ್ಕ ಬರ್ತದೆ." ರೊಕ್ಕ ಕೊಡಾಕ ಹೋದ್ರ ಕೈ ಅಡ್ಡ ಹಿಡಿದ್ರು, ಮ್ಯಾಲ ಚಹಾನೂ ಕುಡಿಸಿದ್ರು. ಪುಣ್ಯಾತ್ಮ, ಇವತ್ತಿಗೂ ನೆನೆಸಿ ಕೈ ಮುಗೀತೀನಿ.

"ಸರಿ ಮಾಡಿದ್ದಕ್ಕೆ ತಗೊಂಡಿದ್ದೇನೆ, ಕೆಡಿಸಿದ್ದಕ್ಕೆ ಎಂತ ದುಡ್ಡು?" ಅಂದ್ರು.

೪. ಹೆಂಡ್ತಿ ಬಂದಳು

ಅದೇ ನಳದ ಮುಂದ ಮತ್ತ ನಿಂತೆ. ಈ ಸಲ ಮಾರಿ ಮಂಜು ಮಂಜು, ದೇವರ ಫೋಟೋ ಆದಂಗ ಆಗಿತ್ತು. ಕಳಿಸಿದೆ. ಹೂಂ ಅಂದ್ರು. ಲಗ್ನದಾಗ ಬಾಸಿಂಗ ನನ್ನ ಮಾರಿ ಕಾಯ್ತು.

ಚಾಳಕ್ಕ ಕರಕೊಂಡು ಬಂದ ದಿನ ನನಗ ಒಂದೇ ಚಿಂತಿ. ಹಗಲಬೆಳಕಿನ್ಯಾಗ ಮಾರಿ ನೋಡ್ತಾಳ, ಅಳ್ತಾಳ ಅಂತ. ಅಕಿ ನನ್ನ ಕಡೆ ನೋಡಲೇ ಇಲ್ಲ. "ನಳ ಎಲ್ಲದ?" ಅಂದ್ಲು.

"ನಳ ಬಿಡು. ಮೊದಲ ನನ್ನ ಮಾರಿ ನೋಡು."

"ಫೋಟೋದಾಗ ನಿಮ್ಮ ಮಾರಿ ಎಲ್ಲಿತ್ರಿ? ಹಿಂದ ನಳ ಮಾತ್ರ ಥಳಥಳ ಕಾಣ್ತಿತ್ತು, ಹನಿ ಸುದ್ದಾ! ಬಾಗಲಾಗ ನಳ ಅದ, ದೂರದಿಂದ ಕೊಡ ಹೊರೂದು ತಪ್ತು ಅಂತ ನಾ ಹೂಂ ಅಂದೆ."

ಮರುದಿನ ಮುಂಜಾನೆ ಗೊತ್ತಾತು ಅಕಿಗೆ. ಇಡೀ ಚಾಳಕ್ಕ ಅದೊಂದೇ ನಳ, ನೀರು ಅರ್ಧ ತಾಸು, ಸಾಲಿನ ಮುಂದ ಬಕೀಟು ಹಿಡಕೊಂಡ ಮಾವಶಿ. ಅರ್ಧ ಕೊಡ ತಂದು ಇಳಿಸಿ, ಸೊಂಟಕ್ಕ ಕೈ ಇಟ್ಟು ನನ್ನ ಮಾರಿ ಮೊದಲನೇ ಸಲ ನೆಟ್ಟಗ ನೋಡಿದ್ಲು.

"ನಿಮ್ಮ ಮಾರೀದು ಏನೂ ತಪ್ಪಿಲ್ರಿ. ಮೋಸ ಮಾಡಿದ್ದು ನಿಮ್ಮ ನಳ."

ಅವತ್ತು ಜಗಳ ಚಾಲೂ ಮಾಡಿದಾಕಿ ಇವತ್ತಿಗೂ ನನ್ನ ಬಾಜೂಕ ಕುಂತು ಜಗಳಾಡ್ತಾಳ. ಅಕಿ ಸಿಕ್ಕಿದ್ದು ನನ್ನ ದೈವ. ಕ್ಯಾಮೆರಾ, ಗಾದಿ, ರಿಪೇರಿ ಹಿಡಿದು ಆ ಗಾಜಿನ ಹಿಂದ ನಾ ಕಳಕೊಂಡದ್ದು ನೂರಾ ಮೂವತ್ತೇಳು ರೂಪಾಯಿ ಎಂಟಾಣೆ.