ಮಾವನ ಬಾಣಂತನ

ನನ್ನ ಸೋದರಮಾವನವರು ಒಮ್ಮೆ ಬಾಣಂತಿಯಾಗಿದ್ದರು. ಈ ಮಾತನ್ನು ನಾನು ತಮಾಷೆಗಾಗಿ ಹೇಳುತ್ತಿಲ್ಲ. ತಲೆಗೆ ಬಟ್ಟೆ ಬಿಗಿದು, ಕಿವಿಗೆ ಹತ್ತಿ ತುರುಕಿ, ಮಂಚದ ಕೆಳಗೆ ಕೆಂಡದ ಅಗ್ಗಿಷ್ಟಿಕೆ ಇರಿಸಿಕೊಂಡು, ಮೆಣಸಿನ ಸಾರು ಕುಡಿದು ಮಲಗಿದ್ದ ಅವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದಕ್ಕೂ ಮುಂಚೆ ಅವರು ಕೆಲವು ದಿನ ಬಸುರಿಯೂ ಆಗಿದ್ದರೆಂಬುದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಕ್ರಮ ತಪ್ಪಿತೆಂದು ಓದುಗರು ಆಕ್ಷೇಪಿಸಿಯಾರು. ಮಳವಳ್ಳಿಯ ಕೋಟೆ ಬೀದಿಯಲ್ಲಿ ಇದಕ್ಕೆಲ್ಲ ಈಗಲೂ ಸಾಕ್ಷಿಗಳು ಸಿಕ್ಕುತ್ತಾರೆ.

ಮಾವ ತಾಲ್ಲೂಕು ಕಚೇರಿಯ ಗುಮಾಸ್ತಗಿರಿಯಿಂದ ನಿವೃತ್ತರಾದವರು. ಜೀವಮಾನವೆಲ್ಲ ಮಂದಿ ಬರೆದುಕೊಟ್ಟದ್ದನ್ನು ನಂಬಿ ಬೇಸತ್ತಿದ್ದರೋ ಏನೋ, ಆಮೇಲೆ ತಮ್ಮ ಸ್ವಂತ ಮೈಗೆ ತಿಳಿಯದ ಯಾವುದನ್ನೂ ನಂಬಲೊಲ್ಲರು. ಮಂಡ್ಯದಲ್ಲಿ ಛತ್ರಿ ಕೊಳ್ಳುವಾಗ ಅಂಗಡಿಯ ಮೆಟ್ಟಿಲ ಮೇಲೆ ಅದನ್ನು ಬಿಚ್ಚಿ ಹಿಡಿದು ಕುಕ್ಕರುಗಾಲಲ್ಲಿ ಕೂತು, "ಎಲ್ಲಿ ಸಾಹೇಬರೇ, ಒಂದು ಕೊಡ ನೀರು ಸುರೀರಿ" ಎಂದರಂತೆ. ಅಂಗಡಿಯ ಸಾಹೇಬರು ಸಜ್ಜನರು, ಸುರಿದರು. ಛತ್ರಿ ಸೋರಲಿಲ್ಲ. ಬಣ್ಣ ಮಾತ್ರ ಬಿಟ್ಟು ಮುಖ ಮೈಗೆಲ್ಲ ಇಳಿಯಿತು. ಅದೇ ವೇಷದಲ್ಲಿ ಅವರು ಮದ್ದೂರಿನ ನಮ್ಮ ಮನೆಗೆ ಬಂದಾಗ ನನ್ನಮ್ಮ ಬಾಗಿಲಲ್ಲೇ ತಡೆದು, "ಯಾರಪ್ಪ ನೀನು?" ಎಂದು ಕೇಳಿದಳು. ಕೇಳಿದವಳು ಒಡಹುಟ್ಟಿದ ಅಕ್ಕ ಎಂಬುದನ್ನು ಗಮನಿಸಬೇಕು.

ಇಂಥವರು ಮನೆ ರಿಪೇರಿಗೆ ಕೈಹಾಕಿದರೆ ಏನಾದೀತು? ಅದೇ ಆಯಿತು.

ಕಾರಣ, ಅವರ ಒಬ್ಬಳೇ ಮಗಳು ಜಾನಕಿ. ಅವಳನ್ನು ಮಂಡ್ಯಕ್ಕೆ ಕೊಟ್ಟಿತ್ತು. ಅಳಿಯನಿಗೆ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ. ಈಗ ಅವಳು ಚೊಚ್ಚಲು ಬಸುರಿ. ಚೊಚ್ಚಲು ಹೆರಿಗೆ ತವರಿನಲ್ಲಾಗಬೇಕು ಎಂಬುದು ಎಲ್ಲರಿಗೂ ಗೊತ್ತಿರುವ ಕಾಯಿದೆ. ಆದರೆ ಮಂಡ್ಯ ಆಗತಾನೆ ಹೊಸ ಊರಾಗುತ್ತಿತ್ತು. ನಾಲೆಯಲ್ಲಿ ನೀರು, ಕಾರ್ಖಾನೆಯಲ್ಲಿ ಸಿಳ್ಳು, ಬೀಗರ ಮನೆಯಲ್ಲಿ ಗುಂಡಿ ಒತ್ತಿದರೆ ದೀಪ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲೇ ಹುಟ್ಟಿದ ಕರೆಂಟು ಮಾವನ ಬೀದಿಗೆ ಮಾತ್ರ ಇನ್ನೂ ಬಂದಿರಲಿಲ್ಲ. ತವರಿಗೆ ಬರಲು ಅದಕ್ಕೂ ಅತ್ತೆಯ ಅಪ್ಪಣೆ ಸಿಕ್ಕಿರಲಿಲ್ಲವೆಂದು ಕಾಣುತ್ತದೆ. ಬೀಗಿತ್ತಿಯವರು ಹೇಳಿಕಳಿಸಿದರು: "ತಪ್ಪು ತಿಳೀಬೇಡಿ. ತಾಯಿಯಿಲ್ಲದ ಮನೆ, ಅದರಲ್ಲೂ ಆ ಕತ್ತಲೆ ಕೋಣೆ. ಹೆರಿಗೆ ಇಲ್ಲೇ ಆಗಲಿ."

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಜಗುಲಿಗೆ ಒತ್ತಿಕೊಂಡಿದ್ದ ಆ ಕೋಣೆಯಲ್ಲೇ ಜಾನಕಿ ಹುಟ್ಟಿದ್ದು. ಅದೇ ಕೋಣೆಯಲ್ಲಿ, ಅದೇ ದಿನ, ನಮ್ಮತ್ತೆ ತೀರಿಕೊಂಡದ್ದು. ಮಾವ ಆ ಮಾತನ್ನು ಯಾರೊಡನೆಯೂ ಎತ್ತಿದವರಲ್ಲ. ಈಗಲೂ ಎತ್ತಲಿಲ್ಲ. "ಮನೆ ಸರಿಮಾಡಿಸ್ತೀನಿ, ಬಂದು ನೋಡಲಿ. ನೋಡಿದ ಮೇಲೂ ಬೇಡ ಅಂದರೆ ಬೇಡ" ಎಂದು ಉತ್ತರ ಕಳಿಸಿ, ಗಾರೆಯ ಬೋರಯ್ಯನನ್ನು ಕರೆಸಿದರು.

ಇಲ್ಲೊಂದು ತೊಡಕಿತ್ತು. ಬಸುರಿಯಿರುವ ಮನೆಯಲ್ಲಿ ನೆಲ ಅಗೆಯಬಾರದು, ಸೂರು ಬಿಚ್ಚಬಾರದು, ಗೋಡೆಗೆ ಮೊಳೆ ಕೂಡ ಹೊಡೆಯಬಾರದು. ಬೋರಯ್ಯ ಮೊದಲೇ ಷರತ್ತು ಹಾಕಿದ: "ಅವ್ವಾರು ವಸ್ಲು ದಾಟಿ ಒಳೀಕ್ ಬಂದೇಟ್ಗೆ ನನ್ ಸುತ್ಗೆ ಚೀಲ ಸೇರ್ತದೆ ಸ್ವಾಮ್ಯೋರೆ. ಆಮ್ಯಾಕೆ ಒಂದ್ ಮೊಳೆ ಅಂದ್ರೂ ನಾ ಒಡ್ಯಾಕಿಲ್ಲ."

"ಬೇಕಾದ್ದನ್ನೆಲ್ಲ ಮೊದಲೇ ಯೋಚಿಸಿದರೆ ಆಯಿತಲ್ಲ. ಯೋಚನೆ ನನ್ನ ಜವಾಬ್ದಾರಿ" ಎಂದರು ಮಾವ. ಮುಂದಿನ ಅನಾಹುತಗಳೆಲ್ಲ ಹುಟ್ಟಿದ್ದು ಈ ಒಂದು ವಾಕ್ಯದಿಂದ.

ನಾನು ಆಗ ಮದ್ದೂರಿನಲ್ಲಿ ಮೇಷ್ಟರಾಗಿದ್ದೆ. ಬೇಸಿಗೆ ರಜ ಬಂದಿತ್ತು. ರಜದಲ್ಲಿರುವ ಮೇಷ್ಟರನ್ನು ಕಂಡರೆ ಬಂಧುಗಳಿಗೆ ಕೆಲಸಗಳು ತಾವಾಗಿ ನೆನಪಾಗುತ್ತವೆ. ಮದ್ದೂರು ಸ್ಟೇಷನ್ನಿನಲ್ಲಿ ಬಂದಿಳಿದ ಮಂಗಳೂರು ಹೆಂಚನ್ನು ಗಾಡಿಗೆ ತುಂಬಿಸಿ ಮಳವಳ್ಳಿಗೆ ತರುವ ಭಾರ ನನ್ನದಾಯಿತು. ಹೆಂಚಿನ ಮೇಲೆ ಕೂತು, ನಡು ಮುರಿದುಕೊಂಡು ಮಾವನ ಮನೆ ತಲುಪಿ ಒಳಗೆ ಕಾಲಿಟ್ಟರೆ ಕಂಡದ್ದೇನು? ಮಾವನ ಹೊಟ್ಟೆಗೆ ರಾಗಿ ತುಂಬಿದ ಚೀಲ ಕಟ್ಟಿತ್ತು. ಅದರ ಮೇಲೆ ಅಂಗವಸ್ತ್ರ ಬಿಗಿದಿತ್ತು. ಒಂದು ಕೈಯನ್ನು ಸೊಂಟಕ್ಕೆ ಕೊಟ್ಟು, ಇನ್ನೊಂದರಿಂದ ಗೋಡೆ ಹಿಡಿದು, ನಿಟ್ಟುಸಿರಿಡುತ್ತ ಬಚ್ಚಲಿನಿಂದ ಅಡಿಗೆಮನೆಗೂ ಅಡಿಗೆಮನೆಯಿಂದ ಬಾವಿಕಟ್ಟೆಗೂ ಓಡಾಡುತ್ತಿದ್ದರು. ಎಡವಿದಲ್ಲೆಲ್ಲ ನಿಂತು "ಇಲ್ಲಿ" ಎನ್ನುವರು. ಬೋರಯ್ಯ ಅಲ್ಲಿ ಸುಣ್ಣದ ಗುರುತು ಹಾಕುವನು.

"ಅಗೂರ್ಕೆ ಸ್ವಾಮ್ಯೋರೆ. ಈಗ್ ಎಷ್ಟ್ ತಿಂಗ್ಳು?" ಎಂದು ಬೋರಯ್ಯ ಕೇಳಿದ.

"ಏಳು ಅಂತಿಟ್ಟುಕೊ."

"ಏಳ್ಕೆ ಇಷ್ಟ್ ದಪ್ಪ ಆಗಾಕಿಲ್ಲ. ಅವಳಿ ಇರ್ಬೇಕು ಬುಡಿ."

ಮಾವ ಗಂಭೀರವಾಗಿ ಯೋಚಿಸಿ, ಚೀಲದಿಂದ ಒಂದು ಸೇರು ರಾಗಿ ತೆಗೆಸಿದರು.

ಹೀಗೆ ಹೊಸಿಲುಗಳು ತಗ್ಗಿದವು, ಬಚ್ಚಲ ಮೆಟ್ಟಿಲು ಒಂದು ಎರಡಾಯಿತು, ಬಾವಿಯ ದಾರಿಗೆ ಹಿಡಿದುಕೊಳ್ಳಲು ಮರದ ಕೈಪಟ್ಟಿ ಬಂತು. ಆಮೇಲೆ ಬಣ್ಣದ ಪ್ರಶ್ನೆ. ಮಂಡ್ಯದ ಮನೆಯ ಗೋಡೆಗಳು ನೀಲಿ. ಮಾವ ಸುಣ್ಣಕ್ಕೆ ನೀಲಿ ಕಲಸಿ, ತಮ್ಮ ಪಂಚೆಯೊಂದನ್ನು ಅದರಲ್ಲಿ ಅದ್ದಿ, ಹೊದ್ದುಕೊಂಡು ಒಂದು ಮಧ್ಯಾಹ್ನವೆಲ್ಲ ಕಣ್ಣುಮುಚ್ಚಿ ಕೂತರು. "ಮನಸ್ಸಿಗೆ ತಂಪಾಗಿದೆ. ಇದೇ ಬಣ್ಣ ಬಳಿ" ಎಂದು ತೀರ್ಪಿತ್ತರು. ಬೇಸಿಗೆಯಲ್ಲಿ ಒದ್ದೆ ಬಟ್ಟೆ ಹೊದ್ದರೆ ಯಾವ ಬಣ್ಣವಾದರೇನು, ತಂಪಾಗದೆ ಇರುತ್ತದೆಯೇ? ಸಂಜೆ ಮೇಯ್ದು ಬಂದ ಮನೆಯ ಹಸು ಆ ನೀಲಿಯನ್ನು ಒಮ್ಮೆ ನೋಡಿ, ಇದು ತನ್ನ ಮನೆಯಲ್ಲವೆಂದು ನಿಶ್ಚಯಿಸಿ, ಪಕ್ಕದ ಪುರೋಹಿತರ ಕೊಟ್ಟಿಗೆಗೆ ಹೋಗಿ ನಿಂತಿತು. ಪುರೋಹಿತರು ಅದನ್ನು ಹಾಲು ಕರೆದ ಮೇಲೆ ಹಿಂದಕ್ಕೆ ಕಳಿಸಿದರು.

ಅದೇ ಉತ್ಸಾಹದಲ್ಲಿ ಬಾಣಂತಿಕೋಣೆಯ ಗೋಡೆಗೂಡುಗಳನ್ನೆಲ್ಲ ಮುಚ್ಚಿಸಿದರು. ಒಂದರಲ್ಲಿ ಚೇಳು ಸಿಕ್ಕಿತ್ತು. ಸೀರೆಯ ಸೆರಗು ಸಿಕ್ಕಿಕೊಂಡೀತೆಂದು ಹಳೆಯ ಮೊಳೆಗಳನ್ನೂ ಕೀಳಿಸಿದರು. ಗೋಡೆ ಕನ್ನಡಿಯ ಹಾಗೆ ನುಣ್ಣಗಾಯಿತು. ಆ ನುಣುಪನ್ನು ಓದುಗರು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಉಳಿದದ್ದು ಬಾಣಂತನ. ಅದನ್ನು ಮಾಡಲು ತಾಯಿಯ ಸ್ಥಾನದಲ್ಲಿ ನಿಲ್ಲಬೇಕಾದವಳು ನನ್ನಮ್ಮ. ಅವಳು ಮದ್ದೂರಿನಿಂದ ಬಂದು ಸೆರಗು ಸಿಕ್ಕಿಸುವಷ್ಟರಲ್ಲಿ ಮಾವ ತಲೆಗೆ ಬಟ್ಟೆ ಬಿಗಿದು ಮಂಚದ ಮೇಲೆ ಅಂಗಾತ ಮಲಗಿದ್ದರು.

"ಏನೋ ಇದು ನಿನ್ನ ಅವತಾರ?"

"ಅಕ್ಕ, ಜಾನಕಿಗೆ ಏನೇನು ಮಾಡ್ತೀಯೋ ಅದಿಷ್ಟೂ ಈಗ ನನಗೆ ಮಾಡು. ನಾನು ಗಂಡಸು ಅನ್ನೋದನ್ನ ಮರೆತುಬಿಡು."

"ಅದನ್ನ ಮರೆತು ಬಹಳ ಕಾಲ ಆಯಿತು" ಎಂದು ಅಮ್ಮ ಅಗ್ಗಿಷ್ಟಿಕೆಗೆ ಕೆಂಡ ತುಂಬಿದಳು.

ಬೆಳಿಗ್ಗೆ ಎಣ್ಣೆನೀರಾಯಿತು. ಮೆಣಸಿನ ಸಾರಿನ ಊಟವಾಯಿತು. ಜನ್ಮದಲ್ಲಿ ಬೆಳ್ಳುಳ್ಳಿ ಮುಟ್ಟದ ಮಾವ ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿಯನ್ನು, "ಬಾಣಂತಿಗೆ ದೋಷವಿಲ್ಲ" ಎಂದು ತಿಂದು, ಪರೀಕ್ಷೆ ಪೂರ್ತಿಯಾಗಲಿಲ್ಲವೆಂದು ಇನ್ನೊಮ್ಮೆ ಹಾಕಿಸಿಕೊಂಡರು. ಆಮೇಲೆ ಸಾಂಬ್ರಾಣಿ. ಕಿಟಕಿಯಿಲ್ಲದ ಕೋಣೆ, ಸಂಪ್ರದಾಯದಂತೆ ಬಾಗಿಲನ್ನೂ ಮುಚ್ಚಿದ್ದಾಯಿತು. ಒಳಗಿನಿಂದ ಮೊದಲು ಒಂದು ಕೆಮ್ಮು, ಆಮೇಲೆ ಕೆಮ್ಮಿನ ಸಂತತಿ. ಇದ್ದಕ್ಕಿದ್ದಂತೆ ಬಾಗಿಲು ದಢಾರನೆ ತೆರೆಯಿತು. ಮಾವ ಹೊಗೆಯ ಸಮೇತ ಜಗುಲಿ ದಾಟಿ ಬೀದಿಗೇ ಬಂದರು.

ಬೀದಿಯಲ್ಲಿ ಬೀಗಿತ್ತಿಯವರು ನಿಂತಿದ್ದರು. ಮೋಟಾರು ಇಳಿದು ಆಗತಾನೆ ಬಂದಿದ್ದರು. ಅವರ ಹಿಂದೆ ಬೀಗರು. ಮಾತಾಡುವ ಅಭ್ಯಾಸ ತಪ್ಪಿಹೋದ ಮನುಷ್ಯ.

"ಏನಿದು ಬೀಗರೇ?" ಎಂದರು ಬೀಗಿತ್ತಿ.

ಮಾವ ಕೈ ಮುಗಿದರು. "ಬರಬೇಕು, ಬರಬೇಕು. ನಾನೀಗ ಹಸಿ ಬಾಣಂತಿ. ಬೀದಿಗೆ ಬರಬಾರದಿತ್ತು. ಹೊಗೆ ತಡೆಯಲಾಗಲಿಲ್ಲ."

ಎಲ್ಲ ಮುಗಿಯಿತು ಎಂದುಕೊಂಡೆ. ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಬೀಗಿತ್ತಿಯವರು ನೇರ ಒಳಗೆ ಹೋದರು. ತಗ್ಗಿದ ಹೊಸಿಲುಗಳನ್ನು ದಾಟಿದರು, ಕೈಪಟ್ಟಿ ಹಿಡಿದು ಬಾವಿಯವರೆಗೆ ನಡೆದರು, ಕೊನೆಗೆ ಆ ಕೋಣೆ ಹೊಕ್ಕು ಮಂಚದ ಮೇಲೆ ಕೂತರು. ಸ್ವಲ್ಪ ಹೊತ್ತಿಗೆ ಕಣ್ಣೊರೆಸಿಕೊಂಡು ಹೊರಗೆ ಬಂದರು.

"ಒಳಗೆ ಉಸಿರು ಕಟ್ಟುತ್ತೆ."

"ಹೌದು. ಅದನ್ನ ತಿಳಿಯೋದಕ್ಕೇ ಮಲಗಿದ್ದು. ನಾಳೆಯೇ ಕಿಟಕಿ ಇಡಿಸ್ತೀನಿ."

"ಬಾಣಂತಿಗೆ ಗಾಳಿ ತಗಲಬಾರದು ಕಣೋ" ಎಂದು ಅಮ್ಮ ಮಧ್ಯೆ ಬಾಯಿ ಹಾಕಿದಳು.

"ಹಾಗಾದರೆ ಎತ್ತರದಲ್ಲಿ ಇಡಿಸ್ತೀನಿ. ಹೊಗೆ ಮೇಲೆ ಹೋಗಲಿ, ಜಾನಕಿ ಕೆಳಗಿರಲಿ."

ಬೀಗಿತ್ತಿಯವರು ಗಂಡನ ಕಡೆ ತಿರುಗಿದರು. "ಕೇಳಿಸ್ಕೊಂಡಿರಾ? ನಮ್ಮ ಮನೇಲಿ ಅಷ್ಟು ಹೆರಿಗೆ ಆಯಿತು. ಒಂದು ದಿನಕ್ಕಾದರೂ ಆ ಕೋಣೆ ಯಾವ ದಿಕ್ಕಿಗಿದೆ ಅಂತ ವಿಚಾರಿಸಿದಿರಾ?"

ಬೀಗರು ಹೊಸ ಹೆಂಚನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದರು.

"ಸೀಮಂತ ಮುಗಿಸಿ ಕಳಿಸ್ತೀನಿ" ಎಂದರು ಬೀಗಿತ್ತಿ. ಮಾವ ತಲೆಬಟ್ಟೆಯಲ್ಲೇ ಅವರಿಗೆ ಕಾಫಿ ತಂದುಕೊಟ್ಟರು.

ಕಿಟಕಿ ಬಂತು. ಜಗುಲಿಯ ಕಡೆಯ ಗೋಡೆಯಲ್ಲಿ, ತಲೆಗಿಂತ ಎತ್ತರದಲ್ಲಿ, ನಾಲ್ಕು ಸರಳು. ಜಾನಕಿಯೂ ಬಂದಳು. ಆರತಿಯಾಗಿ, ಅವಳು ಹೊಸಿಲು ದಾಟಿದ ಗಳಿಗೆಯಲ್ಲಿ ಬೋರಯ್ಯ ಎಲ್ಲರಿಗೂ ಕಾಣುವಂತೆ ಸುತ್ತಿಗೆಯನ್ನು ಚೀಲಕ್ಕೆ ಹಾಕಿದ. ಸಂಜೆಯಾಯಿತು. ಅಮ್ಮ ಲಾಟೀನು ಹಚ್ಚಿಕೊಂಡು ಕೋಣೆಗೆ ಹೋದವಳು ಅದನ್ನು ಹಿಡಿದುಕೊಂಡೇ ಹಿಂದಿರುಗಿದಳು.

"ಇದನ್ನ ಎಲ್ಲಿ ನೇತುಹಾಕಲೋ?"

ಮೊಳೆಯಿಲ್ಲ. ಗೂಡಿಲ್ಲ. ಕನ್ನಡಿಯಂಥ ಗೋಡೆ. ಎಲ್ಲವನ್ನೂ ಮೈಮೇಲೆ ಪರೀಕ್ಷಿಸಿದ ಮಾವ ಒಂದನ್ನು ಮಾತ್ರ ಮರೆತಿದ್ದರು: ಅವರು ಬಾಣಂತಿಯಾಗಿದ್ದದ್ದು ಹಗಲು ಹೊತ್ತಿನಲ್ಲಿ!

"ಬೋರಯ್ಯ, ಒಂದೇ ಒಂದು ಮೊಳೆ ಕಣಪ್ಪ."

"ಊಂಹೂಂ. ತಲೆ ತಗೀರಿ ಬೇಕಾರೆ, ನಾ ಒಡ್ಯಾಕಿಲ್ಲ."

ತಾವೇ ಹೊಡೆಯಲು ಮಾವನಿಗೂ ಧೈರ್ಯವಿರಲಿಲ್ಲ. ಆ ಕೋಣೆಯ ವಿಷಯದಲ್ಲಿ ಅವರು ಯಾವ ಶಾಸ್ತ್ರವನ್ನೂ ಕೆಣಕುವವರಲ್ಲ. ಕಿಟಕಿಯ ನೆಟ್ಟನೆಯ ಸರಳಿಗೆ ಸಿಕ್ಕಿಸಿ ನೋಡಿದರೆ ಜಾರಿ ಬಂತು. ಲಾಟೀನು ನೆಲದ ಮೇಲೆ ಕೂತಿತು.

ಹೆರಿಗೆ ಎಣಿಸಿದ್ದಕ್ಕಿಂತ ಮೊದಲೇ ಬಂತು. ಬೀಗಿತ್ತಿಯವರು ಮುಂದಿನ ವಾರ ಬರುವವರಿದ್ದರು. ಅದೊಂದು ಭಾನುವಾರ, ನಾನು ನೋಡಿಕೊಂಡು ಹೋಗಲು ಬಂದಿದ್ದೆ. ಮಧ್ಯಾಹ್ನ ನೋವು ಕಾಣಿಸಿಕೊಂಡಿತು. ಪೂರಿಗಾಲಿಯ ಕಡೆಯ ಸೂಲಗಿತ್ತಿ ಮಾದಮ್ಮ ಬಂದಳು. ಅವಳೂ ಅಮ್ಮನೂ ಒಳಗೆ. ನಾನೂ ಮಾವನೂ ಜಗುಲಿಯ ಮೇಲೆ. ಮಾವ ಗೋಡೆಗೆ ಒರಗಿ ಕೂತಿದ್ದರು. ತಮಾಷೆ ಮಾಡೋಣವೆಂದು ಬಾಯಿ ತೆರೆದೆ. ಅವರ ಮುಖ ನೋಡಿ ಮುಚ್ಚಿದೆ.

ದೀಪ ಹಚ್ಚುವ ಹೊತ್ತಾಯಿತು. ಒಳಗಿನಿಂದ ಮಾದಮ್ಮನ ಸಿಡುಕು ಕೇಳಿಸಿತು: "ನನ್ ನೆಳ್ಳೇ ನಂಗೆ ಅಡ್ಡ ಬತ್ತದೆ ಕಣ್ರವ್ವ. ಕೆಳಗ್ ಮಡಗಿದ್ ದೀಪ ಯಾತಕ್ ಬತ್ತದೆ? ಮ್ಯಾಲಿರ್ಬೇಕು."

"ನಾನು ಇವಳನ್ನ ಹಿಡಕೊಳ್ಳಲೋ ದೀಪ ಹಿಡಕೊಳ್ಳಲೋ?" ಇದು ಅಮ್ಮ.

ಮಾವ ಎದ್ದರು. ಒಳಗಿನಿಂದ ಕಾಲುಮಣೆ ತಂದು ಗೋಡೆಯ ಬುಡಕ್ಕಿಟ್ಟು ಹತ್ತಿ ನಿಂತರು. ಮುಖವನ್ನು ಬೀದಿಯ ಕಡೆಗೆ ತಿರುಗಿಸಿ, ಒಂದು ಕೈಯನ್ನು ಕಿಟಕಿಯ ಸರಳುಗಳ ನಡುವೆ ಒಳಕ್ಕೆ ತೂರಿಸಿದರು.

"ಅಕ್ಕ, ಲಾಟೀನು ನನ್ನ ಬೆರಳಿಗೆ ಹಾಕು."

ಆಮೇಲೆ ಕೋಣೆಯ ಬೆಳಕು ನೆಲದಿಂದ ಮೇಲೆದ್ದು ಕಿಟಕಿಗೆ ಬಂತು.

ಎಷ್ಟು ಹೊತ್ತು ಹಾಗೆ ನಿಂತಿದ್ದರೋ ಹೇಳಲಾರೆ. ಅಷ್ಟರಲ್ಲಿ ಹಸುಗಳು ಮನೆಗೆ ಬಂದವು. ನಮ್ಮದು ಸರಿಯಾದ ಕೊಟ್ಟಿಗೆಗೇ ಹೋಯಿತು. ದೇವಸ್ಥಾನಕ್ಕೆ ಹೊರಟ ಪುರೋಹಿತರು ಬೀದಿಯಲ್ಲೇ ನಿಂತು ಕತ್ತೆತ್ತಿ ನೋಡಿ, "ರಾಯರೇ, ಇದೇನಾಗಿದ್ದೀರಿ?" ಎಂದರು.

"ಮೊಳೆ" ಎಂದರು ಮಾವ.

ಹಣೆಯ ಬೆವರು ಕಣ್ಣಿಗೆ ಇಳಿಯುತ್ತಿತ್ತು. "ನಾನು ಹಿಡೀತೀನಿ, ಕೊಡಿ ಮಾವ" ಎಂದೆ.

"ಸುಮ್ಮನಿರೋ."

ಆಮೇಲೆ ಬೀದಿಯನ್ನೇ ನೋಡುತ್ತ ಹೇಳಿದರು: "ಅವಳು ಹೋದ ದಿನಾನೂ ಇಲ್ಲೇ ಇದ್ದೆ ಕಣೋ. ಬರೀ ಕೂತಿದ್ದೆ."

ನಾನು ಮಣೆ ಅಲುಗದಂತೆ ಹಿಡಿದುಕೊಂಡೆ. ಒಳಗಿನಿಂದ ಜಾನಕಿಯ ಕೂಗು; ಆಮೇಲೆ ಹೊಸದೊಂದು ಗಂಟಲು, ಮನೆಯ ರಿಪೇರಿ ಸ್ವಲ್ಪವೂ ಹಿಡಿಸಲಿಲ್ಲವೆಂಬಂತೆ ಕಿರುಚಿಕೊಂಡಿತು.

"ಸ್ವಾಮ್ಯೋರೆ, ಎಣ್ ಕೂಸು. ಕೈ ಇಳ್ಸಿ ಇನ್ನ" ಎಂದಳು ಮಾದಮ್ಮ. "ಇಬ್ರೂವೆ ಸಂದಾಗವ್ರೆ."

ಮಾವನ ಕೈ ಇಳಿಯಲಿಲ್ಲ.

"ಇಬ್ಬರೂನಾ?"

"ಇಬ್ರೂವೆ ಕಣಪ್ಪ."

ಆಗ ಜಾನಕಿಯ ದನಿ ಕೇಳಿಸಿತು. ಸಣ್ಣಗಿತ್ತು, ದಣಿದಿತ್ತು. "ಅಪ್ಪ, ಇನ್ನೊಂದು ಗಳಿಗೆ ಹಿಡಕೊಂಡಿರು. ಮಗು ಮುಖ ನಾನಿನ್ನೂ ಸರಿಯಾಗಿ ನೋಡಿಲ್ಲ."

ಮಾವ ಮುಖವನ್ನು ಬೀದಿಯ ಕಡೆಗೇ ಇಟ್ಟುಕೊಂಡು, ಕಾಲ ತುದಿಯ ಮೇಲೆ ನಿಂತು, ದೀಪವನ್ನು ಇನ್ನಷ್ಟು ಮೇಲಕ್ಕೆ ಹಿಡಿದರು.