ಓವನ್ನಿನಲ್ಲಿಟ್ಟ ಡೈರಿ

ಮಾತು ಬಾಯಿಂದ ಜಾರಿದ ಮೇಲೆ ಅವಳಿಗೆ ನೆನಪಾಯಿತು, ಡೈರಿ ಇರುವುದು ಓವನ್ನಿನೊಳಗೆ. ಪೆದ್ದಿ, ಎಂದು ತನ್ನನ್ನು ತಾನೇ ಬೈದುಕೊಂಡಳು. ಅದೂ ಮನಸ್ಸಿನಲ್ಲೇ, ಗಟ್ಟಿಯಾಗಿ ಬೈದುಕೊಳ್ಳುವಷ್ಟು ಧೈರ್ಯ ಅವಳಿಗಿರಲಿಲ್ಲ.

ನಾಲ್ಕು ದಿನಕ್ಕೆಂದು ಬಂದ ದೊಡ್ಡಮ್ಮ ನಾಲ್ಕನೇ ತಿಂಗಳೂ ಅವಳ ರೂಮಿನಲ್ಲೇ ಇದ್ದರು. ಮಂಚ ಹೋಯಿತು, ಮೇಜು ಹೋಯಿತು, ಬೀಗವಿದ್ದ ಡ್ರಾಯರೂ ಹೋಯಿತು. ಪದವಿ ಮುಗಿಸಿ ಮನೆಯಲ್ಲಿದ್ದ ಅವಳು ಹಾಲ್‌ನ ಸೋಫಾಕ್ಕೆ ಬಂದಳು, ಡೈರಿ ಓವನ್ನಿಗೆ ಹೋಯಿತು. ಎರಡು ವರ್ಷದಿಂದ ಅದನ್ನು ಯಾರೂ ಹಚ್ಚಿರಲಿಲ್ಲ. ಹಳೇ ಬಾಣಲೆ, ಮುಚ್ಚಳಗಳ ಗೋದಾಮಾಗಿತ್ತು. ದೊಡ್ಡಮ್ಮನ ಗೊರಕೆ, ದೊಡ್ಡಮ್ಮನ ಉಪದೇಶ, ದೊಡ್ಡಮ್ಮ ಯಾವಾಗ ಹೊರಡುತ್ತಾರೆಂಬ ಊಹಾಪೋಹ, ಬಾಯಲ್ಲಿ ಬಾರದ್ದೆಲ್ಲ ಆ ಡೈರಿಯಲ್ಲಿತ್ತು.

ಇವತ್ತು ಬೆಳಗ್ಗೆ ಅದೇ ದೊಡ್ಡಮ್ಮ ಕನ್ನಡಕ ಒರೆಸಿಕೊಳ್ಳುತ್ತ, "ಇವಳಿಗೆ ಅಡುಗೇನೂ ಬರಲ್ಲ, ಮಾತೂ ಬರಲ್ಲ" ಎಂದಿದ್ದರು. ಅವಳ ಕಿವಿ ಕೆಂಪಾಗಿ, "ಮಧ್ಯಾಹ್ನದ ಅಡುಗೆ ನಂದೇ. ಓವನ್ನಿನಲ್ಲಿ ತರಕಾರಿ ಹುರಿದು ಪಾಸ್ತಾ ಮಾಡ್ತೀನಿ. ಯಾರೂ ಅಡುಗೆಮನೆಗೆ ಬರಬೇಡಿ" ಎಂದುಬಿಟ್ಟಿದ್ದಳು.

ಅಮ್ಮ ಕೂಡಲೇ ಚೀಲ ಕೊಟ್ಟು ಅಂಗಡಿಗೆ ಅಟ್ಟಿದಳು. ತಿರುಗಿ ಬರುವಷ್ಟರಲ್ಲಿ ಅಡುಗೆಮನೆ ಭರ್ತಿ. ದೊಡ್ಡಮ್ಮ ಓವನ್ನಿನ ಎದುರಿಗೇ ಕುರ್ಚಿ, ದಿಂಬು ಹಾಕಿಕೊಂಡು ಕೂತಿದ್ದರು, ನಾಟಕಕ್ಕೆ ಮೊದಲ ಸಾಲಿನ ಟಿಕೆಟ್ ಸಿಕ್ಕವರ ಹಾಗೆ. ಮೇಲಿನ ಮನೆಯ ನಿವೃತ್ತ ಹೆಡ್‌ಮಾಸ್ಟರು, "ಏನೋ ಪ್ರಯೋಗವಂತೆ" ಎನ್ನುತ್ತ ಇಳಿದು ಬಂದಿದ್ದರು.

ಬದನೆಕಾಯಿ, ದೊಣ್ಣೆಮೆಣಸಿನಕಾಯಿ, ಟೊಮ್ಯಾಟೊ ಹೆಚ್ಚಿ, ಎಣ್ಣೆ ಉಪ್ಪು ಸವರಿ ತಟ್ಟೆಯಲ್ಲಿ ಹರಡಿದಳು. ಇನ್ನು ಓವನ್ ತೆರೆಯಬೇಕು. ತೆರೆದರೆ ಡೈರಿ ಅಮ್ಮನೂ ಸೇರಿ ಮೂವರ ಕಣ್ಣಿಗೂ ಬೀಳುತ್ತದೆ.

"ಓವನ್ ಕೆಟ್ಟಿದೆ ಅನ್ಸುತ್ತೆ. ಒಲೆ ಮೇಲೇ ಹುರೀತೀನಿ."

"ಕೆಟ್ಟಿದೆಯಾ? ನೋಡೇಬಿಡೋಣ." ಹೆಡ್‌ಮಾಸ್ಟರು ಪ್ಲಗ್ ಚುಚ್ಚಿ ಗುಂಡಿ ತಿರುಗಿಸಿದರು. ಕೆಂಪು ದೀಪ ಹತ್ತಿತು. "ಕುದುರೆ ಹಾಗಿದೆಯಲ್ಲಮ್ಮ."

ಅವಳು ಆರಿಸಿದಳು. ಅವರು ಹಚ್ಚಿದರು. ಅವಳು ಮತ್ತೆ ಆರಿಸಿದಳು.

"ಮೊದಲೇ ಕಾಯಿಸ್ಕೋಬೇಕು ಮಗು," ಎಂದು ಮತ್ತೆ ಹಚ್ಚಿದ ಅವರು ಗುಂಡಿಯ ಮೇಲೆ ಕೈಯಿಟ್ಟುಕೊಂಡೇ ನಿಂತರು.

"ಒಳಗೆ ಪಾತ್ರೆಗಳಿವೆ ಸರ್."

"ಕಬ್ಬಿಣದ್ದು ತಾನೇ, ಕಾಯಲಿ ಬಿಡೆ," ಎಂದಳು ಅಮ್ಮ.

ಅಷ್ಟರಲ್ಲಿ ಒಲೆಯ ಮೇಲೆ ಪಾಸ್ತಾದ ನೀರು ಉಕ್ಕಿತು. ಅದನ್ನು ನೋಡಲು ತಿರುಗಿದಳೋ ಇಲ್ಲವೋ, ಓವನ್ನಿನ ಸಂದಿಯಿಂದ ಕಪ್ಪು ಹೊಗೆ. ನಾಲ್ಕು ತಿಂಗಳ ಮನಸ್ಸೇ ಉರಿಯುತ್ತಿದೆ ಅನಿಸಿತು. ಜನ್ಮದಲ್ಲಿ ಯಾರನ್ನೂ ತಳ್ಳದವಳು ಹೆಡ್‌ಮಾಸ್ಟರನ್ನು ಪಕ್ಕಕ್ಕೆ ತಳ್ಳಿ, ಗುಂಡಿ ಆರಿಸಿ, ಬಟ್ಟೆ ಹಿಡಿದು ಬಾಗಿಲು ಎಳೆದಳು.

ಒಳಗೆ ಪ್ಲಾಸ್ಟಿಕ್ ಮುಚ್ಚಳವೊಂದು ಕರಗಿ ಬಾಣಲೆಯನ್ನು ತಬ್ಬಿಕೊಂಡಿತ್ತು. ಡೈರಿ ಇರಲಿಲ್ಲ. ಅದರ ಬೂದಿಯೂ ಇರಲಿಲ್ಲ.

"ಇದನ್ನಾ ಹುಡುಕ್ತಿರೋದು?" ದೊಡ್ಡಮ್ಮ ದಿಂಬಿನಡಿಯಿಂದ ಡೈರಿ ತೆಗೆದರು. "ನೀನು ಅಂಗಡಿಗೆ ಹೋದ ತಕ್ಷಣ ತೆಗೆದಿಟ್ಕೊಂಡೆ. ಸುಟ್ಟುಹೋದ್ರೆ ನನ್ನ ಗತಿ ಏನು?"

"ನೀವು... ಓದ್ತೀರಾ?"

"ಬಂದ ಮೂರನೇ ದಿನದಿಂದ. ಮಾರನೇ ದಿನ ಹೊರಡೋಕೆ ಪೆಟ್ಟಿಗೇನೂ ತುಂಬಿದ್ದೆ. ಬಾಣಲೆ ಹುಡುಕ್ತಾ ಇದು ಸಿಕ್ತು. 'ನಾಳೆ ದೊಡ್ಡಮ್ಮ ಹೋಗ್ತಾರೋ ಇಲ್ವೋ' ಅಂತ ನೀನು ಬರೆದು ನಿಲ್ಲಿಸಿದ್ದೆ. ಅಂಥ ಜಾಗದಲ್ಲಿ ನಿಲ್ಲಿಸಿದ್ರೆ ಯಾರು ತಾನೇ ಎದ್ದು ಹೋಗ್ತಾರೆ?"

ಹೆಡ್‌ಮಾಸ್ಟರು ಕೆಮ್ಮಿದರು. ಆ ಕೆಮ್ಮು ಹೊಗೆಯದಲ್ಲ. ದೊಡ್ಡಮ್ಮನ ಬಾಯಿಂದ ಅವರಿಗೂ ಡೈರಿಯ ಕತೆ ಗೊತ್ತಿತ್ತು.

ಕೊನೆಗೆ ತರಕಾರಿ ಕಾವಲಿಯ ಮೇಲೇ ಅಂಚು ಕರ್ರಗಾಗುವಂತೆ ಹುರಿದು ಬಂತು. ಪಾಸ್ತಾ ಗೋಡೆಗೆ ಪೋಸ್ಟರು ಅಂಟಿಸುವ ಹದಕ್ಕೆ ಬೆಂದಿತ್ತು. ಆದರೂ ದೊಡ್ಡಮ್ಮ ಎರಡನೇ ಸಲ ತಟ್ಟೆ ಚಾಚಿದರು. "ಹೂಂ, ಮುಂದೇನಾಗುತ್ತೆ? ಬರೆಯೋ ಮುಂಚೆ ನನ್ನೊಬ್ಬಳಿಗೆ ಹೇಳು."

ಅವಳು ಸೌಟು ಕೆಳಗಿಟ್ಟಳು.

"ಮುಂದೆ ನೀವು ನಿಮ್ಮ ಮನೆಗೆ ಹೋಗ್ತೀರಿ, ದೊಡ್ಡಮ್ಮ. ನನ್ನ ರೂಮು ನನಗೆ ಬೇಕು."

ದೊಡ್ಡಮ್ಮ ಬಾಯಲ್ಲಿದ್ದುದನ್ನು ನಿಧಾನವಾಗಿ ನುಂಗಿ, ಎಡಗೈಯಲ್ಲಿ ಡೈರಿಯ ಹಾಳೆಗಳನ್ನು ಸರಸರ ತಿರುವಿದರು.

"ಚೆನ್ನಾಗಿದೆ. ಆದ್ರೆ ಅದು ಕೊನೇ ಪುಟ ಕಣೆ. ಇದರಲ್ಲಿನ್ನೂ ಅರ್ಧ ಖಾಲಿ ಇದೆ."